ರಾಕ್ ಸಂಗೀತನಾಟಕ: ಪೂರ್ವಪಕ್ಷಕ್ಕೊಂದು ಸಮಾಧಾನ

ನಾಟಕವೆಂದರೆ ಮಾತು, ಸಂಗೀತವೆಂದರೆ ಕಚೇರಿ, ರಾಕ್ ಎಂದರೆ ಗದ್ದಲ ಎಂಬ ಮೂರು ಸೂತ್ರಗಳು ನಮ್ಮ ವಿದ್ಯಾವಂತರ ಮನೆಗಳಲ್ಲಿ ವಾದವಿಲ್ಲದೆ ಸಲ್ಲುತ್ತಿವೆ. ಮೂರನ್ನೂ ಕೂಡಿಸಿದಾಗ ಹುಟ್ಟುವ ತೀರ್ಪು ಏನೆಂದರೆ, ವಿದ್ಯುತ್ ಗಿಟಾರನ್ನೂ ಡ್ರಮ್ಮನ್ನೂ ಇಟ್ಟುಕೊಂಡು ಕಥೆಯನ್ನು ಹಾಡಿ ಆಡುವ ಈಚಿನ ನಾಟಕಗಳು ಅತ್ತ ನಾಟಕವೂ ಅಲ್ಲ, ಇತ್ತ ಸಂಗೀತವೂ ಅಲ್ಲ. ಅವುಗಳಿಗೆ ಮನೆಯ ಮಕ್ಕಳನ್ನು ಕಳುಹಿಸುವುದು ಕಾಲಹರಣ. ಈ ತೀರ್ಪು ನಮ್ಮ ಶಾಸ್ತ್ರಕ್ಕೂ ನಮ್ಮ ರಂಗಭೂಮಿಯ ಚರಿತ್ರೆಗೂ ಸಮ್ಮತವಾದುದಲ್ಲವೆಂದೂ, ಇದರಿಂದ ಆಗುವ ನಷ್ಟ ಆ ನಾಟಕಗಳಿಗಿಂತ ಹೆಚ್ಚಾಗಿ ನಮ್ಮ ರಂಗಭೂಮಿಗೇ ತಟ್ಟುವುದೆಂದೂ ತೋರಿಸಬೇಕೆಂಬುದು ನನ್ನ ಉದ್ದೇಶ. ನಾಟಕವನ್ನೇ ಕಾಣದ ಕಿರಿಯರೂ, ನಾಟಕವನ್ನು ಬಲ್ಲೆವೆಂದು ಇದನ್ನು ತಳ್ಳಿಹಾಕುವ ಹಿರಿಯರೂ ಇದನ್ನು ಓದಬೇಕೆಂದು ಪ್ರಾರ್ಥನೆ.

ಮೊದಲು ಪದಾರ್ಥನಿರ್ಣಯ ಮಾಡಿಕೊಳ್ಳೋಣ. ಕಥೆಯ ಮುಖ್ಯ ಭಾಗ ಹಾಡಿನಲ್ಲಿಯೇ ನಡೆಯಬೇಕು. ಆ ಹಾಡು ರಾಕ್ ಎಂಬ ಧಾಟಿಯಲ್ಲಿಯೋ ಅದರ ಸೋದರ ಧಾಟಿಗಳಲ್ಲಿಯೋ ಇರಬೇಕು. ವಾದ್ಯಗಾರರು ನಟರ ಜೊತೆಯಲ್ಲಿ ಪ್ರತ್ಯಕ್ಷವಾಗಿ ನುಡಿಸಬೇಕು. ಇವು ಮೂರೂ ಕೂಡಿದರೆ ರಾಕ್ ಸಂಗೀತನಾಟಕ. 1967ರಲ್ಲಿ ನ್ಯೂಯಾರ್ಕಿನಲ್ಲಿ ತೋರಿದ ‘ಹೇರ್’, 1970ರಲ್ಲಿ ಧ್ವನಿಮುದ್ರಿಕೆಯಾಗಿ ಬಂದು 1971ರಲ್ಲಿ ರಂಗವೇರಿದ ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ಇವು ಈ ಬಗೆಯ ಮೊದಲಿಗರಲ್ಲಿ ಸೇರುತ್ತವೆ. ಬೆಳಕು ಹೊಗೆಗಳ ನಡುವೆ ಕೆಲವರು ಕುಣಿದು ಹೋಗುವ ಮನರಂಜನೆಯನ್ನೂ, ಬಡಾವಣೆಯ ರಾಜ್ಯೋತ್ಸವದಲ್ಲಿ ನಡೆಯುವ ಚಿತ್ರಗೀತೆಗಳ ಆರ್ಕೆಸ್ಟ್ರಾವನ್ನೂ ಈ ಹೆಸರಿನಿಂದ ಕರೆಯತಕ್ಕದ್ದಲ್ಲ. ಆಕ್ಷೇಪಿಸುವವರಲ್ಲಿ ಅನೇಕರು ಈ ಭೇದವನ್ನು ಗಣಿಸದೆ, ಕಂಡ ಆರ್ಕೆಸ್ಟ್ರಾದ ದೋಷವನ್ನು ಕಾಣದ ನಾಟಕದ ಮೇಲೆ ಹೊರಿಸುತ್ತಾರೆ.

ಈ ಚರ್ಚೆ ಬೆಂಗಳೂರಿನ ಹೊರವಲಯಕ್ಕೆ ವಿಶೇಷವಾಗಿ ಏಕೆ ಬೇಕು ಎಂಬುದನ್ನು ಹೇಳಬೇಕು. 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ವಸತಿಯಾಗಿ ಹುಟ್ಟಿದ ವೈಟ್‌ಫೀಲ್ಡು, 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿ, 1970ರ ದಶಕದಿಂದ ಬೆಳೆದ ಪೀಣ್ಯದ ಕೈಗಾರಿಕಾ ವಸಾಹತು ಈ ಮೂರೂ ಇಂದು ನಾಡಿನ ಸಕಲ ಜಿಲ್ಲೆಗಳ ಯುವಕ ಯುವತಿಯರನ್ನು ಸೆಳೆದುಕೊಂಡಿವೆ. ಇವರಿಗೆ ಚಲನಚಿತ್ರ ಗೊತ್ತು, ಕೈಯೊಳಗಣ ಫೋನು ಗೊತ್ತು, ನಾಟಕ ಗೊತ್ತಿಲ್ಲ. ನಗರದ ರಂಗಮಂದಿರಗಳಲ್ಲಿ ಹೆಸರಾದ ರವೀಂದ್ರ ಕಲಾಕ್ಷೇತ್ರ ಜೆ.ಸಿ. ರಸ್ತೆಯಲ್ಲಿದೆ, 2004ರಲ್ಲಿ ತೆರೆದ ರಂಗಶಂಕರ ಜೆ.ಪಿ. ನಗರದಲ್ಲಿದೆ. ವೈಟ್‌ಫೀಲ್ಡಿನ ಮಗ್ಗುಲಲ್ಲಿ ರಾಮಗೊಂಡನಹಳ್ಳಿಯಲ್ಲಿ 2011ರಲ್ಲಿ ತೆರೆದ ಜಾಗೃತಿ ರಂಗಮಂದಿರವು ಹೆಚ್ಚಾಗಿ ಇಂಗ್ಲಿಷ್ ನಾಟಕಗಳಿಗೆ ಹೆಸರಾಯಿತು. ಇತ್ತ ಹೊಸಕೋಟೆ, ಆನೇಕಲ್ಲು, ನೆಲಮಂಗಲಗಳ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟರನ್ನು ಕರೆಸಿ, ತಿಂಗಳುಗಟ್ಟಲೆ ಅಭ್ಯಾಸಮಾಡಿ, ರಾತ್ರಿಯಿಡೀ ‘ಕುರುಕ್ಷೇತ್ರ’ವನ್ನು ಆಡುವವರು ಇನ್ನೂ ಇದ್ದಾರೆ. ಆದರೆ ಅದು ಊರವರ ಮನೆಯ ಹಬ್ಬ. ಬಾಡಿಗೆಯ ಕೊಠಡಿಯಲ್ಲಿರುವ ಪರಸ್ಥಳದ ಹುಡುಗ ಆ ಚಪ್ಪರದೊಳಕ್ಕೆ ಕಾಲಿಡುವುದಿಲ್ಲ. ಹೀಗೆ ಲಕ್ಷಾಂತರ ಜನ ನಾಟಕದ ಎರಡು ಬಾಗಿಲುಗಳ ನಡುವೆ ಇದ್ದೂ ಎರಡಕ್ಕೂ ಹೊರಗಿನವರಾಗಿದ್ದಾರೆ.

ಇಂಥವನಿಗೆ ಮೊದಲ ಸಲಕ್ಕೆ ಏನನ್ನು ತೋರಿಸಬೇಕು? ಶಾಸ್ತ್ರಜ್ಞರು ಸ್ಥೂಲಾರುಂಧತೀನ್ಯಾಯವನ್ನು ಹೇಳುತ್ತಾರೆ. ಸೂಕ್ಷ್ಮವಾದ ಅರುಂಧತೀ ನಕ್ಷತ್ರವನ್ನು ಮದುಮಗಳಿಗೆ ಒಮ್ಮೆಗೇ ತೋರಿಸಲಾಗದು. ಹತ್ತಿರದ ದೊಡ್ಡ ನಕ್ಷತ್ರವನ್ನು ಮೊದಲು ತೋರಿಸಿ, ಅಲ್ಲಿಂದ ಕಣ್ಣನ್ನು ನಡೆಸಬೇಕು. ಕಿವಿಯಲ್ಲಿ ಹಗಲೂ ರಾತ್ರಿ ಗಿಟಾರಿನ ನಾದವನ್ನು ತುಂಬಿಕೊಂಡಿರುವ ತರುಣನಿಗೆ ರಾಕ್ ಸಂಗೀತನಾಟಕ ಆ ದೊಡ್ಡ ನಕ್ಷತ್ರ. ದೊಡ್ಡ ನಕ್ಷತ್ರವೂ ನಕ್ಷತ್ರವೇ ಆಗಿರಬೇಕಲ್ಲವೆ? ಮಿಣುಕುಹುಳುವನ್ನು ತೋರಿಸಿ ನಕ್ಷತ್ರವೆನ್ನುವಂತಿಲ್ಲ. ಆದ್ದರಿಂದ ಇದು ನಿಜವಾಗಿ ನಾಟಕವೇ ಎಂಬುದನ್ನು ಸಾಧಿಸಬೇಕಾದ ಹೊಣೆ ನನ್ನದು. ಪೂರ್ವಪಕ್ಷಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಮೊದಲನೆಯ ಆಕ್ಷೇಪ: ಮನುಷ್ಯರು ಮಾತಿನ ನಡುವೆ ಎದ್ದು ಹಾಡುವುದಿಲ್ಲ, ಆದ್ದರಿಂದ ಹಾಡಿನ ನಾಟಕ ಅಸಹಜ.

ಮನುಷ್ಯರು ಗೋಡೆಯೊಂದನ್ನು ತೆಗೆದುಹಾಕಿ ನೂರಾರು ಜನರ ಮುಂದೆ ಸಂಸಾರಮಾಡುವುದೂ ಇಲ್ಲ. ರಂಗದ ಮೇಲೆ ಒಬ್ಬನು ಸ್ವಗತವಾಗಿ ಆಡಿದ ಮಾತು ಹಿಂದಿನ ಸಾಲಿನ ಪ್ರೇಕ್ಷಕನಿಗೆ ಕೇಳಿಸಿ, ಎರಡು ಮಾರು ದೂರದ ಸಹನಟನಿಗೆ ಕೇಳಿಸದಿರುವುದು ಯಾವ ಲೋಕದ ಸಹಜಧರ್ಮ? ಭರತಮುನಿ ಇದಕ್ಕಾಗಿಯೇ ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡು ಬಗೆಗಳನ್ನು ಹೇಳಿ, ನಾಟ್ಯಕ್ಕೆ ತನ್ನದೇ ಆದ ಒಂದು ನಡೆಯುಂಟೆಂದು ಸ್ಥಾಪಿಸಿದನು. ಅಷ್ಟೇ ಅಲ್ಲ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯವು ನಾಟ್ಯದ ಸಂಗ್ರಹವನ್ನು ಹನ್ನೊಂದು ಪದಾರ್ಥಗಳಲ್ಲಿ ಹೇಳುತ್ತದೆ: ರಸ, ಭಾವ, ಅಭಿನಯ, ಧರ್ಮಿ, ವೃತ್ತಿ, ಪ್ರವೃತ್ತಿ, ಸಿದ್ಧಿ, ಸ್ವರ, ಆತೋದ್ಯ, ಗಾನ, ರಂಗ. ಇವುಗಳಲ್ಲಿ ಸ್ವರ, ಆತೋದ್ಯ, ಗಾನ ಎಂಬ ಮೂರು ನೇರವಾಗಿ ಸಂಗೀತಕ್ಕೆ ಸೇರಿದುವು. ನಾಟ್ಯಕ್ಕೆ ಪಾಠ್ಯವನ್ನು ಋಗ್ವೇದದಿಂದ ತೆಗೆದಂತೆಯೇ ಗೀತವನ್ನು ಸಾಮವೇದದಿಂದ ತೆಗೆಯಲಾಯಿತೆಂದು ಮೊದಲ ಅಧ್ಯಾಯ ಸಾರುತ್ತದೆ. ಮಾತೇ ನಾಟಕ, ಹಾಡು ಹೊರಗಿನಿಂದ ಬಂದದ್ದು ಎನ್ನುವವರು ಭರತನ ಗ್ರಂಥದ ಯಾವ ಪಾಠವನ್ನು ಓದಿದರೋ ತಿಳಿಯದು.

ಇನ್ನೂ ಒಂದು ಸೂಕ್ಷ್ಮವುಂಟು. ನಾಟಕದಲ್ಲಿ ಹಾಡತಕ್ಕ ಧ್ರುವಾಗೀತಗಳನ್ನು ಭರತನು ಅವುಗಳ ಕೆಲಸದಿಂದ ವಿಂಗಡಿಸುತ್ತಾನೆ. ಪಾತ್ರದ ಪ್ರವೇಶಕ್ಕೆ ಪ್ರಾವೇಶಿಕೀ, ನಿರ್ಗಮನಕ್ಕೆ ನೈಷ್ಕ್ರಾಮಿಕೀ, ನಡೆಯುತ್ತಿರುವ ಭಾವವನ್ನು ಥಟ್ಟನೆ ತಿರುಗಿಸುವುದಕ್ಕೆ ಆಕ್ಷೇಪಿಕೀ, ಕಲಕಿದ ಮನಸ್ಸನ್ನು ತಿಳಿಗೊಳಿಸುವುದಕ್ಕೆ ಪ್ರಾಸಾದಿಕೀ, ನಡುವಣ ತೆರಪನ್ನು ತುಂಬುವುದಕ್ಕೆ ಅಂತರಾ. ಈ ಹಾಡು ಇಂಪಾಗಿದೆಯೇ ಎಂಬುದಕ್ಕಿಂತ ಮುಂಚೆ ಇದು ಇಲ್ಲಿ ಏನು ಮಾಡುತ್ತಿದೆ ಎಂದು ಕೇಳುವುದೇ ಶಾಸ್ತ್ರದ ಕ್ರಮ. ಈ ಪ್ರಶ್ನೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ನಮ್ಮ ಒರೆಗಲ್ಲು.

ಎರಡನೆಯ ಆಕ್ಷೇಪ: ವಾದ್ಯಗಳು ಪರದೇಶದವು, ನಮ್ಮ ಸಂಸ್ಕೃತಿಗೆ ಹೊಂದವು.

ಶಾಸ್ತ್ರವು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕಾಗಿ ವಿಭಾಗಿಸಿದೆ. ತಂತಿ ಮೀಟಿದರೆ ತತ, ತೊಗಲು ಬಡಿದರೆ ಅವನದ್ಧ, ಲೋಹ ತಾಡಿಸಿದರೆ ಘನ, ಊದಿದರೆ ಸುಷಿರ. ದೇಶದ ವಿಭಾಗ ಅಲ್ಲಿಲ್ಲ. ಗಿಟಾರು ತತಕ್ಕೆ ಸೇರಿತು, ಡ್ರಮ್ಮು ಅವನದ್ಧಕ್ಕೆ ಸೇರಿತು. ಲಕ್ಷಣದಲ್ಲಿ ವಿವಾದವೇ ಇಲ್ಲ. ವ್ಯವಹಾರವನ್ನು ನೋಡಿದರೂ ಹಾಗೆಯೇ. ಮುತ್ತುಸ್ವಾಮಿ ದೀಕ್ಷಿತರ ಸೋದರ ಬಾಲುಸ್ವಾಮಿ ದೀಕ್ಷಿತರು ಯೂರೋಪಿನ ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ತಂದರು. ಇಂದು ಪಿಟೀಲಿಲ್ಲದ ಕಚೇರಿಯನ್ನು ರಸಿಕರು ಬರಿದೆನ್ನುತ್ತಾರೆ. ಮೈಸೂರು ಚೌಡಯ್ಯನವರ ಸ್ಮಾರಕಭವನವನ್ನು ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ್ದಾರೆ. ಅದರೊಳಗೆ ಕುಳಿತು ಗಿಟಾರು ಪರದೇಶದ್ದೆಂದು ದೂರುವವರ ಧೈರ್ಯ ದೊಡ್ಡದು! ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸಫೋನಿಗೆ ಮನಸೋತು ಕದ್ರಿ ಗೋಪಾಲನಾಥರು ಅದರಲ್ಲಿ ರಾಗಾಲಾಪನೆ ಮಾಡಿದರು. ಯು. ಶ್ರೀನಿವಾಸರು ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿಯೇ ವಿದ್ವಾಂಸರ ತಲೆದೂಗಿಸಿದರು.

ನಮ್ಮ ಪೌರಾಣಿಕ ನಾಟಕದ ಉಸಿರೇ ಆದ ಹಾರ್ಮೋನಿಯಂ ಎಲ್ಲಿಯದು? ಅದೂ ಯೂರೋಪಿನದೇ. ಅದು ನಮ್ಮ ಶ್ರುತಿಗೆ ಹೊಂದದೆಂದು ಆಕಾಶವಾಣಿ 1940ರಲ್ಲಿ ಅದನ್ನು ಬಹಿಷ್ಕರಿಸಿತು. ಆ ಕಟ್ಟು 1971ರವರೆಗೆ ಸಡಿಲವಾಗಲಿಲ್ಲ. ಆ ಮೂವತ್ತು ವರ್ಷವೂ ನಮ್ಮ ಹಳ್ಳಿಯ ದುರ್ಯೋಧನನು ಹಾರ್ಮೋನಿಯಂ ಶ್ರುತಿಗೆ ಕಂದಪದ್ಯ ಹಾಡಿ, ಗದೆ ಎತ್ತಿ, ಜನರನ್ನು ಅಳಿಸಿ ನಗಿಸಿದನು. ಬಹಿಷ್ಕಾರ ಗೆಲ್ಲಲಿಲ್ಲ, ಬಳಕೆ ಗೆದ್ದಿತು. ಇಂದು ಹಾರ್ಮೋನಿಯಂ ನಮ್ಮದು, ಗಿಟಾರು ಅವರದು ಎನ್ನುವುದು ಮೊದಲು ಬಂದ ಅತಿಥಿಯು ತಡವಾಗಿ ಬಂದ ಅತಿಥಿಗೆ ಬಾಗಿಲು ಹಾಕಿದಂತೆ.

ಮೂರನೆಯ ಆಕ್ಷೇಪವೇ ಬಲವಾದುದು. ಅದನ್ನು ಗೌರವದಿಂದ ಎತ್ತಿಕೊಳ್ಳಬೇಕು. ಅದು ಹೀಗಿದೆ: ಕಂಪನಿ ನಾಟಕಗಳಲ್ಲಿ ಹಾಡು ನಾಟಕವನ್ನು ನುಂಗಿತ್ತು. ಸಾಯುವ ಪಾತ್ರ ‘ಒನ್ಸ್ ಮೋರ್’ ಕೂಗಿಗೆ ಎದ್ದು ಕುಳಿತು ಮತ್ತೆ ಹಾಡಿ ಮತ್ತೆ ಸಾಯುತ್ತಿತ್ತು. ಕೈಲಾಸಂ, ಶ್ರೀರಂಗ ಮೊದಲಾದವರು ಮನೆಯ ಮಾತನ್ನು ರಂಗಕ್ಕೆ ತಂದು ನಾಟಕವನ್ನು ಹಾಡಿನ ಸೆರೆಯಿಂದ ಬಿಡಿಸಿದರು. ಈಗ ಗಿಟಾರಿನ ನೆಪದಲ್ಲಿ ಮತ್ತೆ ಆ ಸೆರೆಗೇ ಹೋಗಬೇಕೇ?

ಕೈಲಾಸಂ ಅವರ ಕಾರ್ಯ ಆ ಕಾಲಕ್ಕೆ ಅಗತ್ಯವಾಗಿತ್ತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಹಾಡಿನ ವೈರಿಗಳಾಗಿರಲಿಲ್ಲ. ಪಾಶ್ಚಾತ್ಯರ ಹಾಡೊಂದರ ಧಾಟಿಯನ್ನು ಹಿಡಿದು ‘ಕೋಳೀಕೆ ರಂಗ’ನನ್ನು ಕನ್ನಡಿಗರ ಬಾಯಿಗೆ ಕೊಟ್ಟವರು ಅವರೇ. ಅವರು ವಿರೋಧಿಸಿದ್ದು ನಾಟಕದ ಕೆಲಸ ಮಾಡದ ಹಾಡನ್ನು. ಇಲ್ಲಿಯೇ ಭರತನ ಪ್ರಶ್ನೆ ಉಪಯೋಗಕ್ಕೆ ಬರುತ್ತದೆ. ಹಾಡನ್ನು ತೆಗೆದುಹಾಕಿ ನೋಡಿ. ಕಥೆ ಕುಂದಿಲ್ಲದೆ ನಿಂತರೆ ಆ ಹಾಡು ಮೈಮೇಲಿನ ಒಡವೆ. ಕಥೆ ಕುಸಿದರೆ ಆ ಹಾಡು ಮೈಯೊಳಗಿನ ಮೂಳೆ.

ಉದಾಹರಣೆಗೆ ಶಾಕುಂತಲವನ್ನೇ ತೆಗೆದುಕೊಳ್ಳಿ. ಐದನೆಯ ಅಂಕದ ಆರಂಭದಲ್ಲಿ ತೆರೆಯ ಹಿಂದೆ ಹಂಸಪದಿಕೆ ಹಾಡುತ್ತಾಳೆ. ಅದನ್ನು ಕೇಳಿದ ದುಷ್ಯಂತನಿಗೆ, ಯಾರ ಅಗಲಿಕೆಯೂ ನೆನಪಿಲ್ಲದಿದ್ದರೂ, ಮನಸ್ಸು ತಳಮಳಗೊಳ್ಳುತ್ತದೆ. ಶಾಪದಿಂದ ಬುದ್ಧಿ ಮರೆತದ್ದನ್ನು ಹೃದಯ ಇನ್ನೂ ಮರೆತಿಲ್ಲವೆಂಬುದು ನಮಗೆ ತಿಳಿಯುವುದು ಆ ಹಾಡಿನಿಂದ. ಅದನ್ನು ಕಿತ್ತುಹಾಕಿದರೆ ಮುಂದೆ ಶಕುಂತಲೆಯನ್ನು ನಿರಾಕರಿಸುವ ರಾಜ ಬರಿಯ ಕಲ್ಲೆದೆಯವನಾಗುತ್ತಾನೆ. ನಾಂದಿಯಾದ ಮೇಲೆ ನಟಿಯ ಹಾಡಿಗೆ ಮೈಮರೆತು ಸೂತ್ರಧಾರನು ಆಡಬೇಕಾದ ನಾಟಕವನ್ನೇ ಮರೆಯುವುದನ್ನೂ ಜ್ಞಾಪಿಸಿಕೊಳ್ಳಿ. ಮರೆವಿನ ನಾಟಕ ಹಾಡಿನಿಂದ ಹುಟ್ಟಿದ ಮರೆವಿನಿಂದಲೇ ಆರಂಭವಾಗುತ್ತದೆ. ಕಾಳಿದಾಸನಿಗೆ ಹಾಡು ಒಡವೆಯಾಗಿರಲಿಲ್ಲ.

ನಮ್ಮ ಕನ್ನಡ ರಂಗಭೂಮಿಯೂ ಈ ಪಾಠವನ್ನು ಮರಳಿ ಕಲಿತಿದೆ. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯಲ್ಲಿ ಬಾಲ್ಯವನ್ನು ಕಳೆದ ಬಿ.ವಿ. ಕಾರಂತರು ಕಂಪನಿಯ ಸಂಗೀತದ ಬಲವನ್ನೂ ದೋಷವನ್ನೂ ಕಣ್ಣಾರೆ ಕಂಡವರು. 1972ರಲ್ಲಿ ಅವರು ಬಯಲಿನಲ್ಲಿ ಆಡಿಸಿದ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ ಹಾಡು ಮತ್ತೆ ಕಥೆಯ ಹೆಗಲೇರಿತು. ಮಾತಿನ ನಾಟಕಕಾರರೆಂದೇ ಹೆಸರಾದ ಶ್ರೀರಂಗರ ‘ಸತ್ತವರ ನೆರಳು’ ಎಂಬ ಕೃತಿಗೆ ಕಾರಂತರು ದಾಸರ ಪದಗಳನ್ನು ಹೆಣೆದಾಗ, ಆ ಪದಗಳು ಮಠದ ಬೂಟಾಟಿಕೆಯನ್ನು ಚುಚ್ಚುವ ಆಯುಧಗಳಾದುವು. ಪದ ತೆಗೆದರೆ ವಿಡಂಬನೆಯ ಹರಿತವೇ ಹೋದೀತು. ಮುಂದೆ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ರಂಗಕ್ಕೆ ಬಂತು. ರೂಪಾಂತರ ಕೆ.ವೈ. ನಾರಾಯಣಸ್ವಾಮಿಯವರದು, ಸಂಗೀತ ಹಂಸಲೇಖರದು, ನಿರ್ದೇಶನ ಸಿ. ಬಸವಲಿಂಗಯ್ಯನವರದು. 2013ರಲ್ಲಿ ಬೆಂಗಳೂರಿನ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ಅದೇ ನಾಟಕ ನಡೆದಾಗ, ಸುಮಾರು ಒಂಬತ್ತು ಗಂಟೆಗಳ ಕಾಲ, ರಾತ್ರಿಯೆಲ್ಲ, ಒಂದು ರಂಗದಿಂದ ಇನ್ನೊಂದಕ್ಕೆ ನಡೆದುಹೋಗುತ್ತ ಜನ ನೋಡಿದರು. ಆಧುನಿಕರಿಗೆ ತಾಳ್ಮೆಯಿಲ್ಲ, ಹಾಡಿನ ನಾಟಕಕ್ಕೆ ಕಾಲವಿಲ್ಲ ಎನ್ನುವವರಿಗೆ ಆ ರಾತ್ರಿಗಳೇ ಉತ್ತರ.

ಇದೇ ಒರೆಗಲ್ಲಿಗೆ ಈಗ ಹೊರದೇಶದ ಮೂರು ರಾಕ್ ಸಂಗೀತನಾಟಕಗಳನ್ನು ತಿಕ್ಕಿ ನೋಡೋಣ. ಹೊಸಬರು ನೋಡತಕ್ಕ ಕೃತಿಗಳೆಂದು ನಾನು ಶಿಫಾರಸು ಮಾಡುವುದೂ ಇವನ್ನೇ.

ಮೊದಲನೆಯದು ಜೊನಾಥನ್ ಲಾರ್ಸನ್ನನ ‘ರೆಂಟ್’. ಹೆಸರಿನ ಅರ್ಥವೇ ಬಾಡಿಗೆ. ನ್ಯೂಯಾರ್ಕಿನ ಒಂದು ಮಾಳಿಗೆಯಲ್ಲಿ ಬಾಡಿಗೆ ಕೊಡಲಾಗದೆ, ಚಳಿಯಲ್ಲಿ ನಡುಗುತ್ತ, ಏಡ್ಸ್ ರೋಗದ ನೆರಳಿನಲ್ಲಿ ಬದುಕುವ ತರುಣ ಕಲಾವಿದರ ಕಥೆ. 1896ರಲ್ಲಿ ಇಟಲಿಯಲ್ಲಿ ಮೊದಲು ಆಡಿದ ಪುಚ್ಚೀನಿಯ ‘ಲಾ ಬೊಹೀಮ್’ ಎಂಬ ಗೇಯನಾಟಕವನ್ನು ನೂರು ವರ್ಷಗಳ ಬಳಿಕ ಹೊಸ ಊರಿಗೆ ತಂದ ಕೃತಿ ಇದು. ಅಲ್ಲಿಯ ಕ್ಷಯದ ಸ್ಥಾನದಲ್ಲಿ ಇಲ್ಲಿ ಏಡ್ಸ್. 1996ರ ಜನವರಿ 25ರಂದು ಮೊದಲ ಪ್ರದರ್ಶನಕ್ಕೆ ಕೆಲವೇ ಗಂಟೆಗಳಿರುವಾಗ ಲಾರ್ಸನ್ 35ನೆಯ ವಯಸ್ಸಿನಲ್ಲಿ ತೀರಿಕೊಂಡನು. ನಾಟಕವು ಬ್ರಾಡ್ವೇ ರಂಗದಲ್ಲಿ 2008ರವರೆಗೆ 5,123 ಸಲ ನಡೆಯಿತು. ಹತ್ತು ತಿಂಗಳ ಮುಂಗಡವನ್ನು ಹೊಂದಿಸಲಾಗದೆ ಮಹದೇವಪುರದ ಪಿಜಿಯೊಂದರಲ್ಲಿ ಮೂವರ ನಡುವೆ ಮಂಚ ಹಾಕಿಕೊಂಡಿರುವ ಹುಡುಗನಿಗೆ ಈ ಕಥೆ ಪರದೇಶದ್ದೆಂದು ಹೇಳುವುದು ಹೇಗೆ?

ಎರಡನೆಯದು ಅನೈಸ್ ಮಿಚೆಲ್ ಎಂಬಾಕೆಯ ‘ಹೇಡಸ್‌ಟೌನ್’. 2019ರಲ್ಲಿ ಬ್ರಾಡ್ವೇಗೆ ಬಂದುದು. ಇದರ ಧಾಟಿಯಲ್ಲಿ ಜಾನಪದವೂ ಜಾಝೂ ರಾಕೂ ಬೆರೆತಿವೆ. ಕಥೆ ಗ್ರೀಕರ ಪುರಾಣದ್ದು. ಆರ್ಫ್ಯೂಸನು ಹಾಡುಗಾರ, ಅವನ ಹೆಂಡತಿ ಯೂರಿಡಿಸಿ ಸತ್ತು ಪಾತಾಳಕ್ಕೆ ಹೋಗುತ್ತಾಳೆ, ಅವನು ಹಾಡಿನಿಂದ ಯಮನನ್ನು ಒಲಿಸಿ ಅವಳನ್ನು ಕರೆದುತರಲು ಹೋಗುತ್ತಾನೆ. ಈ ನಾಟಕದಲ್ಲಿ ಪಾತಾಳವೆಂದರೆ ಒಂದು ಕಾರ್ಖಾನೆಯ ಊರು. ಯೂರಿಡಿಸಿ ಅಲ್ಲಿಗೆ ಹೋಗುವುದು ಹಸಿವಿನಿಂದ. ಒಡೆಯನು ಪ್ರಶ್ನೆ ಕೇಳುತ್ತಾನೆ, ಕೆಲಸಗಾರರು ಗಿಣಿಪಾಠದಂತೆ ಉತ್ತರ ಹಾಡುತ್ತಾರೆ: ನಾವು ಗೋಡೆಯನ್ನು ಏಕೆ ಕಟ್ಟುತ್ತಿದ್ದೇವೆ ಎಂಬುದರ ಮೇಲೆ. ಆ ಹಾಡಿಲ್ಲದೆ ಆ ಊರಿನ ಭಯ ನಮಗೆ ತಿಳಿಯುವುದೇ ಇಲ್ಲ. ಕಥೆ ಹೇಳುವ ಹರ್ಮೀಸನು ನಮ್ಮ ಸೂತ್ರಧಾರನ ಸೋದರ. ಸತ್ತ ನಲ್ಲೆಯನ್ನು ಮರಳಿ ಪಡೆಯುವ ಕಥೆ ನಮಗೂ ಉಂಟು: ಮಹಾಭಾರತದ ಆದಿಪರ್ವದಲ್ಲಿ ರುರುವು ಹಾವು ಕಚ್ಚಿ ಸತ್ತ ಪ್ರಮದ್ವರೆಗೆ ತನ್ನ ಆಯುಸ್ಸಿನಲ್ಲಿ ಅರ್ಧವನ್ನು ಕೊಟ್ಟು ಬದುಕಿಸುತ್ತಾನೆ. ಗ್ರೀಕರ ಹಳೆಯ ಕಥೆಯಲ್ಲಿ ಯೂರಿಡಿಸಿಯನ್ನು ಕಚ್ಚಿದ್ದೂ ಹಾವೇ.

ಮೂರನೆಯದು ಲಿನ್-ಮಾನ್ವೆಲ್ ಮಿರಾಂಡಾನ ‘ಹ್ಯಾಮಿಲ್ಟನ್’ (2015). ಅಮೆರಿಕದ ಮೊದಲ ಹಣಕಾಸು ಕಾರ್ಯದರ್ಶಿಯಾಗಿದ್ದು, 1804ರಲ್ಲಿ ದ್ವಂದ್ವಯುದ್ಧದಲ್ಲಿ ಮಡಿದ ಅಲೆಕ್ಸಾಂಡರ್ ಹ್ಯಾಮಿಲ್ಟನ್ನನ ಚರಿತ್ರೆ. ಇದರ ಮುಖ್ಯ ಧಾಟಿ ರ‍್ಯಾಪ್. ಎಂದರೆ ಪ್ರಾಸಬದ್ಧವಾಗಿ ಲಯಕ್ಕೆ ಸರಿಯಾಗಿ ವೇಗದಿಂದ ನುಡಿಯುವುದು. ಲಾವಣಿಯನ್ನು ಕೇಳಿದವರಿಗೆ ಇದರ ತತ್ತ್ವ ಹೊಸದೆನಿಸದು. ಸಚಿವಸಭೆಯ ವಾದವಿವಾದಗಳನ್ನು ಇಲ್ಲಿ ಸರದಿಯ ಮೇಲೆ ಹಾಡಿಸಿದ್ದಾರೆ. ಪಾಠಶಾಲೆಗಳ ವಾಕ್ಯಾರ್ಥಸಭೆಯನ್ನು ಕಂಡವರು ಅದನ್ನು ನೋಡಿ ಆನಂದಪಡದೆ ಇರಲಾರರು. ತಡೆಯಿಲ್ಲದೆ ನುಡಿಯುವ ಹ್ಯಾಮಿಲ್ಟನ್, ಅಳೆದು ತೂಗಿ ನುಡಿಯುವ ಬರ್ ಎಂಬ ಅವನ ಎದುರಾಳಿ: ಇಬ್ಬರ ಸ್ವಭಾವಭೇದ ಅವರ ಲಯದಲ್ಲಿಯೇ ಇದೆ. ಇದನ್ನು ಗದ್ಯಕ್ಕೆ ಇಳಿಸಿದರೆ ಪಾತ್ರಗಳೇ ಕರಗಿಹೋಗುತ್ತವೆ.

ನಾಲ್ಕನೆಯ ಆಕ್ಷೇಪ: ಶಬ್ದ ಹೆಚ್ಚು, ಮಾತು ಕೇಳಿಸದು. ಇದರಲ್ಲಿ ಅರ್ಧ ಸತ್ಯವುಂಟು. ಯಕ್ಷಗಾನದ ಚಂಡೆ ಸಣ್ಣ ದನಿಯದೆಂದು ಯಾರೂ ಹೇಳಲಾರರು. ಆದರೂ ಭಾಗವತರ ಪದ ಅದರ ಮೇಲೆ ತೇಲಿ ಬರುತ್ತದೆ, ಅರ್ಥಧಾರಿಗಳ ಮಾತಿನ ಹೊತ್ತಿಗೆ ಚಂಡೆ ಮೌನವಾಗುತ್ತದೆ. ಆ ವಿವೇಕ ಧ್ವನಿವರ್ಧಕದ ಗುಂಡಿಯನ್ನು ತಿರುಗಿಸುವವನಿಗೆ ಇರಬೇಕು. ಇನ್ನೂರು ಜನರ ಮಂದಿರದಲ್ಲಿ ಇಪ್ಪತ್ತು ಸಾವಿರ ಜನರ ಮೈದಾನದ ಸದ್ದನ್ನು ಮಾಡಿ ಸಾಹಿತ್ಯವನ್ನು ಹೂತುಹಾಕುವವರನ್ನು ನಾನು ಸಮರ್ಥಿಸುವುದಿಲ್ಲ. ಮೊದಲೇ ಮುದ್ರಿಸಿದ ವಾದ್ಯವನ್ನು ಯಂತ್ರದಿಂದ ಹೊರಡಿಸಿ ಅದರ ಮುಂದೆ ಬಾಯಿಯಾಡಿಸುವುದನ್ನೂ ನಾಟಕವೆನ್ನಲಾರೆ. ನಟನ ಉಸಿರಿಗೆ ವಾದ್ಯಗಾರ ಕಾದು ನಿಲ್ಲುವುದರಲ್ಲಿಯೇ ಈ ಕಲೆಯ ಜೀವವಿದೆ. ಆದರೆ ಅಡುಗೆಯವನು ಉಪ್ಪು ಹೆಚ್ಚು ಹಾಕಿದರೆ ಸಾರನ್ನೇ ನಿಷೇಧಿಸುವ ಮನೆಯನ್ನು ನಾನು ಕಂಡಿಲ್ಲ. ಪ್ರಯೋಗದ ದೋಷ ಪ್ರಕಾರದ ದೋಷವಾಗದು.

ಆಡಿಸುವವರಿಗೆ ಎರಡು ಮಾತು. ಕಂಪನಿಗಳ ಕಾಲದಲ್ಲಿ ನಾಟಕದ ಹಾಡುಗಳ ಸಣ್ಣ ಪುಸ್ತಕವನ್ನು ಬಾಗಿಲಲ್ಲಿ ಮಾರುತ್ತಿದ್ದರು. ಆ ಪದ್ಧತಿಯನ್ನು ಮತ್ತೆ ತನ್ನಿ. ಸಾಹಿತ್ಯ ಕೈಯಲ್ಲಿದ್ದರೆ ಅರ್ಧದಷ್ಟು ಆಕ್ಷೇಪ ಅಲ್ಲಿಯೇ ಅಡಗುತ್ತದೆ. ‘ರೆಂಟ್’ ಆಡಿಸಿದವರು ಮೊದಲ ಎರಡು ಸಾಲಿನ ಆಸನಗಳನ್ನು ಕೈಯಲ್ಲಿ ಹಣವಿಲ್ಲದವರಿಗಾಗಿ 20 ಡಾಲರಿಗೆ ಬಿಟ್ಟಿದ್ದರು. ಹೊಸಬನನ್ನು ಹಿಂದಿನ ಕಂಬದ ಮರೆಗೆ ತಳ್ಳದೆ ಮುಂದಿನ ಸಾಲಿನಲ್ಲಿ ಕೂರಿಸುವ ಆ ಬುದ್ಧಿಯನ್ನು ನಮ್ಮವರೂ ಅನುಕರಿಸಬಹುದು.

ನೋಡುವವರಿಗೂ ಕ್ರಮವೊಂದುಂಟು. ‘ಕುರುಕ್ಷೇತ್ರ’ ನೋಡಲು ಬಂದವನಿಗೆ ಕಥೆ ಮೊದಲೇ ಗೊತ್ತು. ಮುಂದೇನಾಗುವುದೆಂಬ ಕುತೂಹಲದಿಂದ ಅವನು ಬರುವುದಿಲ್ಲ, ಹೇಗಾಗುವುದೆಂದು ನೋಡಲು ಬರುತ್ತಾನೆ. ಹಾಗೆಯೇ ಹೊಸಬನು ಕಥೆಯನ್ನು ಮೊದಲೇ ಓದಿಕೊಳ್ಳಲಿ. ಎರಡು ಮೂರು ಹಾಡುಗಳನ್ನು ಮನೆಯಲ್ಲಿ ಸಾಹಿತ್ಯದೊಡನೆ ಕೇಳಲಿ. ‘ರೆಂಟ್’ 2005ರಲ್ಲಿ ಚಲನಚಿತ್ರವಾಯಿತು. ‘ಹ್ಯಾಮಿಲ್ಟನ್’ ರಂಗಪ್ರಯೋಗದ ಚಿತ್ರೀಕರಣ 2020ರಲ್ಲಿ ಹೊರಬಂದಿತು. ಇವನ್ನು ನೋಡುವಾಗ ಫೋನನ್ನು ಬದಿಗಿಟ್ಟು ಆದಿಯಿಂದ ಅಂತ್ಯದವರೆಗೆ ಒಂದೇ ಸಲ ನೋಡಬೇಕು. ಆದರೆ ಚಿತ್ರದಲ್ಲಿ ನಿಲ್ಲತಕ್ಕದ್ದಲ್ಲ. ಕಿವಿ ಹದವಾದ ಮೇಲೆ ಪ್ರತ್ಯಕ್ಷ ರಂಗಕ್ಕೆ ಬರಬೇಕು: ಕಾರಂತರ ಹಾಡುಗಳಿರುವ ಕನ್ನಡ ನಾಟಕಕ್ಕೆ, ಅಲ್ಲಿಂದ ಹಾಡಿಲ್ಲದ ಮಾತಿನ ನಾಟಕಕ್ಕೆ, ಒಂದು ರಾತ್ರಿ ಪಕ್ಕದ ಹಳ್ಳಿಯ ‘ಕುರುಕ್ಷೇತ್ರ’ಕ್ಕೆ. ದೂರವೆಂಬ ನೆಪವೂ ಈಗ ಮೊದಲಿನಷ್ಟು ಸಲ್ಲದು. ಮೆಟ್ರೋ ರೈಲು 2014ರಲ್ಲಿ ಪೀಣ್ಯಕ್ಕೂ, 2023ರಲ್ಲಿ ವೈಟ್‌ಫೀಲ್ಡಿಗೂ, 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೂ ಬಂದಿದೆ.

ಕಡೆಯ ಆಕ್ಷೇಪವೊಂದು ಉಳಿಯಿತು: ನೀನು ಹೇಳಿದ ಮೂರೂ ಇಂಗ್ಲಿಷಿನವು, ಕನ್ನಡಕ್ಕೆ ಇದರಿಂದೇನು? ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಕೊಟ್ಟಾಗಲೂ ಈ ಪ್ರಶ್ನೆ ಕೇಳಬಹುದಾಗಿತ್ತು. ಅದರ ಉತ್ತರ ನವೋದಯದ ಕಾವ್ಯ. ಸೊಫೋಕ್ಲೀಸನ ಅಜಾಕ್ಸನನ್ನು ಅಶ್ವತ್ಥಾಮನನ್ನಾಗಿ ಮಾಡಿದವರೂ ಅವರೇ. ಪರರ ರೂಪವನ್ನು ಕಂಡು ನಮ್ಮ ಜೀವವನ್ನು ಅದರಲ್ಲಿ ತುಂಬುವ ವಿದ್ಯೆ ಕನ್ನಡಕ್ಕೆ ಹೊಸದಲ್ಲ. ಸಾಮಗ್ರಿಯೂ ಬೇಕಾದಷ್ಟಿದೆ. ಬೈಲಹೊಂಗಲದ ಕೊಲೆಯೊಂದನ್ನು ‘ಸಂಗ್ಯಾ ಬಾಳ್ಯಾ’ ಎಂಬ ಸಣ್ಣಾಟವಾಗಿ ಹಾಡಿದ ನಾಡು ನಮ್ಮದು. ತನ್ನ ಕಾಲದ ಸುದ್ದಿಯನ್ನು ಹಾಡಿನಲ್ಲಿ ಆಡುವುದು ನಮಗೆ ಅಪರಿಚಿತವಲ್ಲ. ಶಿಶುನಾಳ ಶರೀಫರ ತತ್ತ್ವಪದಗಳನ್ನು ರಘು ದೀಕ್ಷಿತರು ಗಿಟಾರಿಗೆ ಹೊಂದಿಸಿ ಹಾಡಿದಾಗ, ಆ ಪದಗಳನ್ನು ಎಂದೂ ಕೇಳದಿದ್ದ ತರುಣರೂ ಅವನ್ನು ಗುನುಗುವಂತಾಯಿತು. ಇನ್ನು ರುರು ಪ್ರಮದ್ವರೆಯರ ಕಥೆಯನ್ನು ಪೀಣ್ಯದ ಕಾರ್ಖಾನೆಗೆ ತಂದು, ಅರ್ಧ ಆಯುಸ್ಸು ಕೊಡುವುದೆಂದರೆ ಏನೆಂದು ರಾತ್ರಿಪಾಳಿಯ ದಂಪತಿಗಳ ಬಾಯಿಂದ ಹಾಡಿಸುವ ಕವಿ ಒಬ್ಬನು ಬೇಕು. ಅವನು ಬರಬೇಕಾದದ್ದು ಇಂದು ಈ ನಾಟಕಗಳನ್ನು ನೋಡುವ ಹುಡುಗರ ನಡುವಿನಿಂದಲೇ. ನೋಡಗೊಡದಿದ್ದರೆ ಅವನು ಹುಟ್ಟುವುದೆಲ್ಲಿಂದ?

ನಾಟ್ಯೋತ್ಪತ್ತಿಯ ಕಥೆಯಲ್ಲಿ ಮೊದಲ ಪ್ರಯೋಗವನ್ನು ದೈತ್ಯರೂ ವಿಘ್ನಗಳೂ ಕೆಡಿಸಿದರೆಂದಿದೆ. ಆಗ ಬ್ರಹ್ಮನು ಅವರನ್ನು ಕರೆದು, ನಾಟ್ಯವು ದೇವತೆಗಳದೂ ಅಲ್ಲ, ನಿಮ್ಮದೂ ಅಲ್ಲ, ಮೂರು ಲೋಕದ ಭಾವಗಳ ಅನುಕೀರ್ತನವೆಂದು ಸಮಾಧಾನಪಡಿಸಿದನು. ವೇದವನ್ನು ಕೇಳಲು ಯಾರಿಗೆ ಅಧಿಕಾರವಿಲ್ಲವೆಂದಿದ್ದರೋ ಅವರನ್ನೂ ಒಳಗೊಳ್ಳುವುದಕ್ಕಾಗಿ ಹುಟ್ಟಿದ ಐದನೆಯ ವೇದ ಇದು. ಅಂಥದಕ್ಕೆ ವಾದ್ಯದ ಜಾತಿ ಕೇಳುವುದು, ಹುಡುಗರ ಉಡುಪು ನೋಡಿ ಸಭಾಭವನದ ಬೀಗದ ಕೈ ಕೊಡದಿರುವುದು ಹಿರಿತನಕ್ಕೆ ಶೋಭಿಸದು. ನಮ್ಮ ಜಿಲ್ಲೆಯ ಸಂಘಗಳು ಈ ವರ್ಷದ ರಾಜ್ಯೋತ್ಸವದಲ್ಲಿ ಆರ್ಕೆಸ್ಟ್ರಾಕ್ಕೆ ಕೊಡುವ ಒಂದು ಸಂಜೆಯನ್ನು, ಕಥೆಯೊಂದನ್ನು ಹಾಡಿ ಆಡಲು ಸಿದ್ಧರಿರುವ ತರುಣರಿಗೆ ಕೊಟ್ಟು ನೋಡಲಿ. ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತು, ಪ್ರತಿಯೊಂದು ಹಾಡೂ ಅಲ್ಲಿ ಏನು ಮಾಡುತ್ತಿದೆಯೆಂದು ಕಟ್ಟುನಿಟ್ಟಾಗಿ ಕೇಳಲಿ. ಏನೂ ಮಾಡದ ಹಾಡನ್ನು ದಾಕ್ಷಿಣ್ಯವಿಲ್ಲದೆ ಖಂಡಿಸಲಿ. ಆದರೆ ಆ ಖಂಡನೆಯನ್ನು ನಾಟಕ ಮುಗಿದ ಮೇಲೆ ಮಾಡಲಿ.